ಪ್ಯಾಕರ್ಸ್ ತಂಡವನ್ನು ಉಳಿಸಿದವರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಯಾರೇ ಹೊಸದಾಗಿ ಬರಲಿ, ಒಂದೆರಡು ವಾರದೊಳಗೆ ಯಾರಾದರೂ ಅವರನ್ನು ಕೂರಿಸಿಕೊಂಡು ಗ್ರೀನ್ ಬೇ ಪ್ಯಾಕರ್ಸ್ ಕಥೆ ಹೇಳಿಯೇ ಹೇಳುತ್ತಾರೆ. ಗ್ರೀನ್ ಬೇ ಒಂದು ಲಕ್ಷ ಚಿಲ್ಲರೆ ಜನರ ಸಣ್ಣ ಊರು. ಮಾಂಸವನ್ನು ಡಬ್ಬಿಗೆ ತುಂಬುವ ಕಂಪನಿಯಲ್ಲಿ ಕೆಲಸಕ್ಕಿದ್ದ ಕರ್ಲಿ ಲ್ಯಾಂಬೋ ಎಂಬ ಹುಡುಗ 1919ರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟಿದ. ಊರಿನವರು ಷೇರು ಕೊಂಡು ಅದರ ಮಾಲೀಕರಾದರು. ನ್ಯೂಯಾರ್ಕ್, ಶಿಕಾಗೊದ ಹಣವಂತ ತಂಡಗಳ ನಡುವೆ ಈ ಊರು ತನ್ನ ತಂಡವನ್ನು ಎದೆಗವಚಿಕೊಂಡು ಉಳಿಸಿತು. ನಡುವೆ ಸೋತು ಸುಣ್ಣವಾಗಿದ್ದಾಗ ವಿನ್ಸ್ ಲೊಂಬಾರ್ಡಿ ಕೋಚ್ ಆಗಿ ಬಂದು ಶೂನ್ಯದಿಂದ ಚಾಂಪಿಯನ್ನರನ್ನು ಸೃಷ್ಟಿಸಿದ. ನಾನು ಇದೇ ರಾಜ್ಯದ ಮಿಲ್ವಾಕಿ ನಗರದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಊರಿಂದ ಬರುವ ನೆಂಟರು ಈ ಕಥೆ ಕೇಳಿದಾಗಲೆಲ್ಲ, ‘ಒಬ್ಬ ಸಾಹುಕಾರನೂ ಹಿಂದಿಲ್ಲವೇ? ಇಡೀ ಊರೇ ಮಾಲೀಕರೇ?’ ಎಂದು ಕಣ್ಣರಳಿಸುತ್ತಾರೆ.

ಈ ಕಥೆಯ ಬೇರು ನಿಜ. ಆದರೆ ನೂರು ವರ್ಷ ಬಾಯಿಂದ ಬಾಯಿಗೆ ಸಾಗುವಾಗ ಅದರಿಂದ ಬಹಳ ಜನ ಉದುರಿಹೋಗಿದ್ದಾರೆ. ನನಗೆ ಈ ತಂಡದ ಮೇಲೆ ಪ್ರೀತಿ ಇದೆ. ಅದಕ್ಕೇ ಉದುರಿಹೋದವರ ಬಗ್ಗೆ ಬರೆಯಬೇಕು ಅನ್ನಿಸಿದೆ. ಒಂದು ಊರಿನ ಪ್ರೀತಿಯಷ್ಟರಿಂದಲೇ ತಂಡ ಉಳಿಯುವುದಾಗಿದ್ದರೆ ಪೋರ್ಟ್ಸ್‌ಮತ್, ಕ್ಯಾಂಟನ್, ಪಾಟ್ಸ್‌ವಿಲ್, ಡುಲೂತ್‌ನಂಥ ಊರುಗಳ ತಂಡಗಳೂ ಉಳಿಯಬೇಕಿತ್ತು. ಆ ಊರುಗಳವರ ಪ್ರೀತಿ ಕಡಿಮೆಯದೇನೂ ಆಗಿರಲಿಲ್ಲ. ಓಹಾಯೊದ ಪೋರ್ಟ್ಸ್‌ಮತ್ ತಂಡ 1934ರಲ್ಲಿ ಡೆಟ್ರಾಯಿಟ್‌ಗೆ ಹೋಗಿ ಲಯನ್ಸ್ ಆಯಿತು. ಉಳಿದವು ಹೇಳಹೆಸರಿಲ್ಲದೆ ಹೋದವು.

ಮೊದಲು ಶುರುವಿನ ಮಾತು. 1919ರ ಆಗಸ್ಟ್‌ನಲ್ಲಿ ಗ್ರೀನ್ ಬೇ ಪ್ರೆಸ್-ಗೆಜೆಟ್ ಪತ್ರಿಕೆಯ ಕಚೇರಿಯಲ್ಲಿ ಸೇರಿದ ಸಭೆಯಿಂದ ಈ ತಂಡ ಹುಟ್ಟಿತು. ಲ್ಯಾಂಬೋ ಜೊತೆ ಅದನ್ನು ಕಟ್ಟಿದವನು ಆ ಪತ್ರಿಕೆಯ ಜಾರ್ಜ್ ವಿಟ್ನಿ ಕ್ಯಾಲ್‌ಹೂನ್. ಆಟಗಾರರ ಅಂಗಿಗೆ ಹಣ ಕೊಟ್ಟದ್ದು ಲ್ಯಾಂಬೋ ಕೆಲಸ ಮಾಡುತ್ತಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿ. ತಂಡದ ಹೆಸರು ಬಂದದ್ದೂ ಅಲ್ಲಿಂದಲೇ. ಆಗ ಷೇರೂ ಇರಲಿಲ್ಲ, ಷೇರುದಾರರೂ ಇರಲಿಲ್ಲ. 1921ರಲ್ಲಿ ಪ್ಯಾಕರ್ಸ್ ಇಂದು ನ್ಯಾಷನಲ್ ಫುಟ್‌ಬಾಲ್ ಲೀಗ್ ಎನ್ನುವ ದೊಡ್ಡ ಲೀಗಿಗೆ ಕಾಲಿಟ್ಟಾಗ ಪರವಾನಗಿ ಸಿಕ್ಕಿದ್ದು ಆಕ್ಮೆ ಪ್ಯಾಕಿಂಗ್ ಕಂಪನಿಯ ಕ್ಲೇರ್ ಸಹೋದರರ ಹೆಸರಿನಲ್ಲಿ. ಅಂದರೆ, ಎಲ್ಲ ತಂಡಗಳಿಗೂ ಇರುವಂತೆ ಇದಕ್ಕೂ ಖಾಸಗಿ ಒಡೆಯರಿದ್ದರು. ಲೀಗ್ ಹುಟ್ಟಿದ್ದು 1920ರಲ್ಲಿ. ಪ್ಯಾಕರ್ಸ್ ಅದರ ಸ್ಥಾಪಕ ತಂಡ ಅನ್ನುವ ಮಾತು ಒಂದು ವರ್ಷದಷ್ಟು ತಪ್ಪು.

ಆ ಮೊದಲ ವರ್ಷವೇ ಎಡವಟ್ಟಾಯಿತು. ಇನ್ನೂ ಕಾಲೇಜಿನಲ್ಲಿ ಆಡುತ್ತಿದ್ದ ಹುಡುಗರನ್ನು ಬೇರೆ ಹೆಸರಿನಲ್ಲಿ ಕಣಕ್ಕಿಳಿಸಿದ್ದು ಬಯಲಾಗಿ, 1922ರ ಆರಂಭದಲ್ಲಿ ಪರವಾನಗಿ ಕೈತಪ್ಪಿತು. ಕೆಲವು ತಿಂಗಳಾದ ಮೇಲೆ ಲ್ಯಾಂಬೋ ಅದನ್ನು ಮರಳಿ ಪಡೆದ. ಹಣ ಮಾತ್ರ ಸಾಲದಾಯಿತು. 1923ರಲ್ಲಿ ಊರಿನ ವ್ಯಾಪಾರಸ್ಥರು ಸೇರಿ ಲಾಭರಹಿತ ಕಂಪನಿ ಮಾಡಿ, 5 ಡಾಲರಿನ 1,000 ಷೇರು ಮಾರಿದರು. ‘ಊರೇ ಮಾಲೀಕ’ ಅನ್ನುವುದು ಇಲ್ಲಿಂದ ಶುರು. ಆದರ್ಶಕ್ಕಿಂತ ಹೆಚ್ಚಾಗಿ ಸಾಲಕ್ಕೆ ದಾರಿ ಹುಡುಕುವಾಗ ಹೊಳೆದ ಉಪಾಯ ಅದು. ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ಕಷ್ಟದಲ್ಲಿದ್ದವರು ಕೈಗೆ ಸಿಕ್ಕ ದಾರಿಯನ್ನು ಹಿಡಿದು, ಅದನ್ನು ನೂರು ವರ್ಷ ಬಿಡದೆ ನಡೆಸಿದ್ದು ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಆ ದಾರಿಯೂ ಸಲೀಸಾಗಿರಲಿಲ್ಲ. 1931ರಲ್ಲಿ ಪ್ರೇಕ್ಷಕನೊಬ್ಬ ಗ್ಯಾಲರಿಯಿಂದ ಬಿದ್ದು ದಾವೆ ಹೂಡಿದ; ತಂಡದ ವಿಮಾ ಕಂಪನಿಯೇ ಮುಳುಗಿತು; 1933ರಲ್ಲಿ ಪ್ಯಾಕರ್ಸ್ ಸಾಲದಲ್ಲಿ ಮುಳುಗಿದ ಸಂಸ್ಥೆಯನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಆಡಳಿತಗಾರನ (ರಿಸೀವರ್) ಕೈಗೆ ಹೋಯಿತು. 1935ರ ಎರಡನೆಯ ಷೇರು ಮಾರಾಟ ನಡೆದದ್ದು ಅದರಿಂದ ಹೊರಬರುವುದಕ್ಕೆ. ಅಷ್ಟರಲ್ಲಿ ಇದೇ ತಂಡ 1929, 1930, 1931ರಲ್ಲಿ ಸಾಲಾಗಿ ಮೂರು ಸಲ ಚಾಂಪಿಯನ್ ಆಗಿತ್ತು ಎನ್ನುವುದನ್ನು ನೆನೆದರೆ ಆ ಕಾಲದ ವೃತ್ತಿಪರ ಫುಟ್‌ಬಾಲ್ ಎಷ್ಟು ಬಡವಾಗಿತ್ತು ಎಂದು ತಿಳಿಯುತ್ತದೆ.

ಈಗ ಷೇರಿನ ವಿಷಯ. ಇದರ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಇದುವರೆಗೆ ಆರು ಸಲ ಷೇರು ಮಾರಿದ್ದಾರೆ: 1923, 1935, 1950, 1997, 2011 ಮತ್ತು ಕಡೆಯದಾಗಿ 2021ರಲ್ಲಿ ಶುರುವಾದದ್ದು. ಕಡೆಯ ಸಲ ಒಂದು ಷೇರಿಗೆ 300 ಡಾಲರ್. ನಮ್ಮ ಕಡೆ ಹಾಲಿನ ಡೇರಿ ಸೊಸೈಟಿಯಲ್ಲಿ ಷೇರು ಇದ್ದವರಿಗೆ ವರ್ಷದ ಕೊನೆಗೆ ಬೋನಸ್ಸಾದರೂ ಬರುತ್ತದೆ. ಪ್ಯಾಕರ್ಸ್ ಷೇರಿಗೆ ಲಾಭಾಂಶ ಇಲ್ಲ. ಬೆಲೆ ಏರುವುದಿಲ್ಲ. ಹೊರಗಿನವರಿಗೆ ಮಾರುವಂತಿಲ್ಲ, ಮನೆಯವರಿಗೆ ಕೊಡಬಹುದು, ಇಲ್ಲವೇ ತೀರಾ ಸಣ್ಣ ಮೊತ್ತಕ್ಕೆ ತಂಡಕ್ಕೇ ಹಿಂದಿರುಗಿಸಬಹುದು. ಪಂದ್ಯದ ಟಿಕೆಟ್ಟಿಗೆ ಆದ್ಯತೆಯೂ ಇಲ್ಲ. ಸೀಸನ್ ಟಿಕೆಟ್ಟಿಗಾಗಿ ಕಾಯುವವರ ಪಟ್ಟಿಯಲ್ಲಿ ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಷೇರುದಾರರೂ ಆ ಸಾಲಿನಲ್ಲೇ ನಿಲ್ಲಬೇಕು. ಅವರಿಗಿರುವುದು ಓಟು: ಪ್ರತಿ ವರ್ಷ ನಿರ್ದೇಶಕ ಮಂಡಳಿಯನ್ನು ಆರಿಸುವುದು, ಬೇಸಿಗೆಯಲ್ಲಿ ಸ್ಟೇಡಿಯಮ್ಮಿನ ವಾರ್ಷಿಕ ಸಭೆಗೆ ಹೋಗಿ ಕೂರುವುದು. ಯಾವ ಆಟಗಾರನನ್ನು ತರಬೇಕು, ಯಾವ ಕೋಚನ್ನು ಕಳಿಸಬೇಕು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಆಡಳಿತವೆಲ್ಲ ಒಂದು ಸಣ್ಣ ಕಾರ್ಯಕಾರಿ ಸಮಿತಿ ಮತ್ತು ಅಧ್ಯಕ್ಷರ ಕೈಯಲ್ಲಿದೆ.

ಇನ್ನೊಂದು ಮಾತು. ಷೇರುದಾರರ ಸಂಖ್ಯೆ ಇಂದು 5 ಲಕ್ಷದ 30 ಸಾವಿರ ದಾಟಿದೆ. ಗ್ರೀನ್ ಬೇ ಊರಿನ ಜನಸಂಖ್ಯೆ 2020ರ ಜನಗಣತಿಯಂತೆ 1 ಲಕ್ಷದ 7 ಸಾವಿರ. ಹಾಗಾಗಿ ಮಾಲೀಕರಲ್ಲಿ ಹೆಚ್ಚಿನವರು ಆ ಊರಿನವರೇ ಅಲ್ಲ. ‘ಲಾಭರಹಿತ ಸಂಸ್ಥೆ, ಆದ್ದರಿಂದ ತೆರಿಗೆ ಕಟ್ಟುವುದಿಲ್ಲ’ ಅನ್ನುವುದೂ ಸರಿಯಲ್ಲ. ದತ್ತಿ ಸಂಸ್ಥೆಗಳಿಗೆ ಸಿಗುವ ವಿನಾಯಿತಿ ಇದಕ್ಕಿಲ್ಲ, ಆದಾಯ ತೆರಿಗೆ ಕಟ್ಟುತ್ತದೆ. ತಂಡ ಎಂದಾದರೂ ಮಾರಾಟವಾದರೆ ಷೇರುದಾರರಿಗೆ ಒಂದು ಬಿಡಿಗಾಸೂ ಬರುವುದಿಲ್ಲ. ಮೊದಲಿನ ನಿಯಮದಂತೆ ಆ ಹಣ ಊರಿನ ಮಾಜಿ ಸೈನಿಕರ ಸಂಘಕ್ಕೆ, ಸೈನಿಕರ ಸ್ಮಾರಕ ಕಟ್ಟಲು ಹೋಗಬೇಕಿತ್ತು. 1997ರಿಂದ ಈಚೆಗೆ ಅದು ತಂಡದ ದತ್ತಿ ಪ್ರತಿಷ್ಠಾನಕ್ಕೆ ಸೇರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಜಾಣತನ ಇರುವುದು ಈ ಒಂದು ಷರತ್ತಿನಲ್ಲೇ. ಮಾರಿದರೆ ಯಾರಿಗೂ ಲಾಭವಿಲ್ಲ ಅಂದಮೇಲೆ ಮಾರುವ ಆಸೆ ಯಾರಿಗೆ ಹುಟ್ಟೀತು? ಲೀಗಿನ ಇಂದಿನ ನಿಯಮಗಳ ಪ್ರಕಾರ ಬೇರೆ ಯಾವ ಊರೂ ಇಂಥ ತಂಡ ಕಟ್ಟುವಂತಿಲ್ಲ. ಪ್ಯಾಕರ್ಸ್‌ಗೆ ಹಳೆಯ ತಂಡವೆಂಬ ಕಾರಣಕ್ಕೆ ವಿನಾಯಿತಿ ಸಿಕ್ಕಿದೆ.

ಆ ವ್ಯವಸ್ಥೆಯೇ ಕೊನೆಯಾಗುವ ಹೊತ್ತೂ ಒಮ್ಮೆ ಬಂದಿತ್ತು. ಅದನ್ನು ಕೊನೆಗಾಣಿಸಲು ಹೊರಟವನು ಸ್ಟೇಡಿಯಮ್ಮಿನ ಮೇಲೆ ಹೆಸರಿರುವ ಲ್ಯಾಂಬೋನೇ. ಮೂವತ್ತು ವರ್ಷ ತಂಡ ನಡೆಸಿ, ಆರು ಚಾಂಪಿಯನ್‌ಷಿಪ್ ಗೆದ್ದುಕೊಟ್ಟ ಮನುಷ್ಯ ಆತ. 1940ರ ದಶಕದ ಕೊನೆಗೆ ಎದುರಾಳಿ ಲೀಗ್ ಒಂದು ಹುಟ್ಟಿ ಆಟಗಾರರ ಸಂಬಳ ಏರಿತ್ತು, ಪ್ಯಾಕರ್ಸ್ ಖಜಾನೆ ಬರಿದಾಗಿತ್ತು. ಊರಿಂದ ಆಚೆ ರಾಕ್‌ವುಡ್ ಲಾಡ್ಜ್ ಎಂಬ ದೊಡ್ಡ ಬಂಗಲೆಯನ್ನು ಆಟಗಾರರ ತರಬೇತಿಗೆಂದು ಲ್ಯಾಂಬೋ ಕೊಳ್ಳಿಸಿದ್ದು ಮಂಡಳಿಯ ಸಿಟ್ಟಿಗೆ ಕಾರಣವಾಗಿತ್ತು. ಹಳೆಯ ಜೊತೆಗಾರ ಕ್ಯಾಲ್‌ಹೂನ್‌ನನ್ನು ಪ್ರಚಾರದ ಕೆಲಸದಿಂದ ಬಿಡಿಸಿ ಆಗಿತ್ತು. 1949ರಲ್ಲಿ ಲ್ಯಾಂಬೋ, ಲಾಭರಹಿತ ರೂಪ ಕೈಬಿಟ್ಟರೆ ಹಣ ಹಾಕಲು ಖಾಸಗಿಯವರು ಸಿದ್ಧರಿದ್ದಾರೆ ಎಂಬ ಪ್ರಸ್ತಾಪ ಮುಂದಿಟ್ಟ. ಮಂಡಳಿ ಒಪ್ಪಲಿಲ್ಲ. ಅದೇ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ದಿನ ಹಿಮ ಬೀಳುತ್ತಿರುವಾಗ ತಂಡದವರೇ ಎರಡು ಪಾಳೆಯವಾಗಿ ಸಹಾಯಾರ್ಥ ಪಂದ್ಯ ಆಡಿದರು, ನಿವೃತ್ತ ಆಟಗಾರರೂ ಬಂದರು, ಊರು ಟಿಕೆಟ್ ಕೊಂಡು ಸುಮಾರು 50,000 ಡಾಲರ್ ಕೂಡಿಸಿತು. 1950ರ ಜನವರಿ ಕೊನೆಗೆ ರಾಕ್‌ವುಡ್ ಲಾಡ್ಜ್ ಬೆಂಕಿಗೆ ಸುಟ್ಟುಹೋಯಿತು. ಒಂದು ವಾರದಲ್ಲಿ ಲ್ಯಾಂಬೋ ರಾಜೀನಾಮೆ ಕೊಟ್ಟು ಶಿಕಾಗೊದ ಕಾರ್ಡಿನಲ್ಸ್ ತಂಡಕ್ಕೆ ಹೊರಟುಹೋದ. ಇಂದಿನ ಲ್ಯಾಂಬೋ ಫೀಲ್ಡ್ ತೆರೆದದ್ದು 1957ರಲ್ಲಿ. ಆತ ಪ್ಯಾಕರ್ಸ್‌ಗಾಗಿ ಅಲ್ಲಿ ಆಡಲೂ ಇಲ್ಲ, ತಂಡ ನಡೆಸಲೂ ಇಲ್ಲ. 1965ರಲ್ಲಿ ತೀರಿಕೊಂಡ ಮೇಲೆ ಆ ಹೆಸರು ಇಟ್ಟರು. ಆರು ಚಾಂಪಿಯನ್‌ಷಿಪ್ ಗೆದ್ದವನಿಗೆ ಆ ಗೌರವ ಸಲ್ಲಬೇಕಾದದ್ದೇ. ಆದರೆ ಅವನ ಮಾತಿಗೆ ‘ಬೇಡ’ ಎಂದು ಎದುರು ಕೂತ ಮಂಡಳಿಯ ಆ ವ್ಯಾಪಾರಿಗಳು, ವೈದ್ಯರು, ವಕೀಲರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಮಿಲ್ವಾಕಿಯವನಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮುಂದಿನದು. ‘ಪ್ಯಾಕರ್ಸ್ ನೂರು ವರ್ಷ ಗ್ರೀನ್ ಬೇ ಬಿಟ್ಟು ಕದಲಲಿಲ್ಲ’ ಅನ್ನುತ್ತಾರೆ. ನಿಜವೆಂದರೆ 1933ರಿಂದ 1994ರವರೆಗೆ, ಅಂದರೆ ಅರವತ್ತು ವರ್ಷಕ್ಕೂ ಮಿಕ್ಕಿ, ಪ್ಯಾಕರ್ಸ್ ತನ್ನ ತವರಿನ ಪಂದ್ಯಗಳಲ್ಲಿ ಎರಡೋ ಮೂರೋ ಪಂದ್ಯಗಳನ್ನು ಪ್ರತಿ ವರ್ಷ ಸುಮಾರು 190 ಕಿಲೋಮೀಟರ್ ದೂರದ ಮಿಲ್ವಾಕಿಯಲ್ಲಿ ಆಡುತ್ತಿತ್ತು. ಮೊದಲು ಬೋರ್ಚರ್ಟ್ ಫೀಲ್ಡ್, ಆಮೇಲೆ ಸ್ಟೇಟ್ ಫೇರ್ ಪಾರ್ಕ್, ಒಂದು ವರ್ಷ ಮಾರ್ಕೆಟ್ ವಿಶ್ವವಿದ್ಯಾಲಯದ ಮೈದಾನ, 1953ರಿಂದ ಕೌಂಟಿ ಸ್ಟೇಡಿಯಂ. 1939ರ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 27-0ಯಿಂದ ಸೋಲಿಸಿದ್ದು ಗ್ರೀನ್ ಬೇಯಲ್ಲಲ್ಲ, ಮಿಲ್ವಾಕಿಯ ಮಗ್ಗುಲಿನ ಸ್ಟೇಟ್ ಫೇರ್ ಪಾರ್ಕಿನಲ್ಲಿ. 1967ರ ಡಿಸೆಂಬರ್ 31ರ ‘ಐಸ್ ಬೌಲ್’ ಎಲ್ಲರಿಗೂ ಬಾಯಿಪಾಠ: ಸೊನ್ನೆಗಿಂತ ಕೆಳಗೆ 25 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಡಲ್ಲಾಸ್ ವಿರುದ್ಧ ಗೆದ್ದ ಚಾಂಪಿಯನ್‌ಷಿಪ್ ಪಂದ್ಯ. ಅದಕ್ಕೆ ಎಂಟು ದಿನ ಮೊದಲು ಲಾಸ್ ಏಂಜಲಿಸ್ ರ‍್ಯಾಮ್ಸ್ ವಿರುದ್ಧ 28-7ರಿಂದ ಗೆದ್ದಿರದಿದ್ದರೆ ಐಸ್ ಬೌಲ್‌ಗೆ ಪ್ಯಾಕರ್ಸ್ ತಲುಪುತ್ತಲೇ ಇರಲಿಲ್ಲ. ಆ ಪಂದ್ಯ ನಡೆದದ್ದು ಮಿಲ್ವಾಕಿ ಕೌಂಟಿ ಸ್ಟೇಡಿಯಮ್ಮಿನಲ್ಲಿ.

ಮಿಲ್ವಾಕಿ ಯಾಕೆ ಬೇಕಾಯಿತು? ಅಂದು ತಂಡಗಳು ಬದುಕುತ್ತಿದ್ದದ್ದು ಗೇಟಿನ ಟಿಕೆಟ್ ಹಣದಿಂದ. ಆ ಹಣದಲ್ಲಿ ಅತಿಥಿ ತಂಡಕ್ಕೂ ಪಾಲಿತ್ತು. ಗ್ರೀನ್ ಬೇಯ ಸಣ್ಣ ಮೈದಾನಕ್ಕೆ ಬಂದು ಆಡಿದರೆ ದಾರಿ ಖರ್ಚೂ ಹುಟ್ಟುವುದಿಲ್ಲ ಎಂದು ದೊಡ್ಡ ಊರಿನ ತಂಡಗಳು ಗೊಣಗುತ್ತಿದ್ದವು. ಮಿಲ್ವಾಕಿಯ ಪಂದ್ಯಗಳು ಆ ಗೊಣಗನ್ನು ಅಡಗಿಸಿದವು, ಬೇರೊಂದು ತಂಡ ಇಲ್ಲಿ ಬೇರೂರದಂತೆಯೂ ನೋಡಿಕೊಂಡವು. ಕೌಂಟಿ ಸ್ಟೇಡಿಯಂ ಬೇಸ್‌ಬಾಲ್‌ಗೆಂದು ಕಟ್ಟಿದ್ದು. ಅಲ್ಲಿ ಫುಟ್‌ಬಾಲ್ ಮೈದಾನ ಎಷ್ಟು ಇಕ್ಕಟ್ಟಾಗಿ ಹೊಂದುತ್ತಿತ್ತೆಂದರೆ ಎರಡೂ ತಂಡಗಳ ಆಟಗಾರರು ಒಂದೇ ಬದಿಯಲ್ಲಿ ನಿಲ್ಲಬೇಕಾಗಿತ್ತು. ಅಂಥ ಜಾಗಕ್ಕೆ ಈ ನಗರದ ಜನ, ತಮ್ಮ ಊರಿನ ಹೆಸರನ್ನೂ ಹೊರದ ತಂಡಕ್ಕಾಗಿ, ತಲೆಮಾರುಗಟ್ಟಲೆ ಟಿಕೆಟ್ ಕೊಂಡು ಹೋದರು. ಕೊನೆಯ ಪಂದ್ಯ 1994ರ ಡಿಸೆಂಬರ್ 18ರಂದು. ಅಟ್ಲಾಂಟಾ ವಿರುದ್ಧ ಕೊನೆಯ ಗಳಿಗೆಯಲ್ಲಿ ಪ್ಯಾಕರ್ಸ್ ಆಟಗಾರ ಬ್ರೆಟ್ ಫಾರ್ವ್ ಚೆಂಡಿನೊಂದಿಗೆ ತಾನೇ ನುಗ್ಗಿ ಹಾರಿ 21-17ರ ಗೆಲುವು ತಂದ. ಇಂದಿಗೂ ಹಳೆಯ ಮಿಲ್ವಾಕಿ ಟಿಕೆಟ್‌ದಾರರಿಗೆಂದು ಲ್ಯಾಂಬೋ ಫೀಲ್ಡಿನಲ್ಲಿ ಪ್ರತಿ ವರ್ಷ ಕೆಲವು ಪಂದ್ಯ ಮೀಸಲಿಡುತ್ತಾರೆ. ಅದಕ್ಕೆ ಗೋಲ್ಡ್ ಪ್ಯಾಕೇಜ್ ಎಂದು ಹೆಸರು. ತಂಡ ಈ ಋಣವನ್ನು ಮರೆತಿಲ್ಲ. ಕಥೆ ಹೇಳುವವರು ಮರೆತಿದ್ದಾರೆ.

1950ರ ದಶಕದಲ್ಲಿ ಇದೇ ಮಿಲ್ವಾಕಿ ಗ್ರೀನ್ ಬೇಗೆ ಕಂಟಕವೂ ಆಗಬಹುದಿತ್ತು. ದೊಡ್ಡ ಸ್ಟೇಡಿಯಂ ಇಲ್ಲಿ ಆಗಲೇ ಎದ್ದು ನಿಂತಿತ್ತು. ಗ್ರೀನ್ ಬೇಯಲ್ಲಿದ್ದದ್ದು ಹೈಸ್ಕೂಲ್ ಪಕ್ಕದ ಹಳೆಯ ಮೈದಾನ. ಹೊಸದು ಕಟ್ಟದಿದ್ದರೆ ತಂಡ ಪೂರ್ತಿಯಾಗಿ ಮಿಲ್ವಾಕಿಗೆ ಹೋಗುವುದು ಖಂಡಿತ ಅನ್ನುವ ಪರಿಸ್ಥಿತಿ. 1956ರ ಏಪ್ರಿಲ್ 3ರಂದು 9 ಲಕ್ಷ 60 ಸಾವಿರ ಡಾಲರ್ ಬಾಂಡಿಗಾಗಿ, ಅಂದರೆ ಸ್ಟೇಡಿಯಂ ಕಟ್ಟಲು ಎತ್ತುವ ಸಾಲಕ್ಕಾಗಿ, ಊರು ಮತ ಹಾಕಿತು. ಅದಕ್ಕೆ ಕೆಲವೇ ದಿನ ಮೊದಲು ಊರಿನ ಸಭೆಯಲ್ಲಿ ನಿಂತು ‘ಕಟ್ಟಿಕೊಳ್ಳಿ’ ಎಂದು ಜನರನ್ನು ಒಪ್ಪಿಸಲು ಬಂದವನು ಜಾರ್ಜ್ ಹ್ಯಾಲಸ್. ಪ್ಯಾಕರ್ಸ್‌ನ ಹುಟ್ಟುವೈರಿ ಶಿಕಾಗೊ ಬೇರ್ಸ್ ತಂಡದ ಒಡೆಯ. ಎದುರಾಳಿ ಬದುಕಿದ್ದರೇನೇ ತನ್ನ ತಂಡಕ್ಕೂ ಬೆಲೆ ಎಂದು ಅವನಿಗೆ ಗೊತ್ತಿತ್ತು. ಎರಡಕ್ಕೆ ಒಂದಕ್ಕಿಂತ ಹೆಚ್ಚಿನ ಅಂತರದಲ್ಲಿ ಬಾಂಡ್ ಗೆದ್ದಿತು. ಮರುವರ್ಷ ಸೆಪ್ಟೆಂಬರ್ 29ರಂದು ಹೊಸ ಸ್ಟೇಡಿಯಮ್ಮಿನ ಮೊದಲ ಪಂದ್ಯದಲ್ಲಿ ಪ್ಯಾಕರ್ಸ್ 21-17ರಿಂದ ಸೋಲಿಸಿದ್ದು ಹ್ಯಾಲಸ್‌ನ ಬೇರ್ಸ್ ತಂಡವನ್ನೇ.

ಇನ್ನು ಲೊಂಬಾರ್ಡಿ. 1959ರಲ್ಲಿ ಬಂದು 1967ರೊಳಗೆ ಐದು ಸಲ ಚಾಂಪಿಯನ್ ಮಾಡಿದ, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದ ಮೊದಲ ಎರಡನ್ನೂ ಗೆದ್ದ. ಹಿಂದಿನ ವರ್ಷ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡ ಅವನ ಮೊದಲ ವರ್ಷದಲ್ಲೇ ಏಳು ಗೆದ್ದಿತು. ಊರಿನ ಯಾವ ಹೋಟೆಲು, ಬಾರು ಕಪ್ಪು ಆಟಗಾರರನ್ನು ಒಳಬಿಡುವುದಿಲ್ಲವೋ ಅಲ್ಲಿಗೆ ತಂಡದ ಯಾರೂ ಕಾಲಿಡಕೂಡದು ಎಂದು ಕಟ್ಟುನಿಟ್ಟು ಮಾಡಿದ. ಅವನ ದೊಡ್ಡತನದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. (ಗೆಲುವೇ ಎಲ್ಲ ಅಲ್ಲ, ಗೆಲುವೊಂದೇ ಇರುವುದು ಅನ್ನುವ ಅರ್ಥದ ಆ ಪ್ರಸಿದ್ಧ ಮಾತು ಅವನು ಹುಟ್ಟಿಸಿದ್ದಲ್ಲ, ಅದಕ್ಕೂ ಮೊದಲೇ ಯುಸಿಎಲ್‌ಎ ವಿಶ್ವವಿದ್ಯಾಲಯದ ಕೋಚ್ ರೆಡ್ ಸ್ಯಾಂಡರ್ಸ್ ಹೇಳಿದ್ದ.) ಆದರೆ ಅವನಿಗೆ ಸಿಕ್ಕಿದ್ದು ಶೂನ್ಯವಲ್ಲ. ಜಿಮ್ ರಿಂಗೋ ಬಂದದ್ದು 1953ರಲ್ಲಿ. ಫಾರೆಸ್ಟ್ ಗ್ರೆಗ್ ಮತ್ತು ಬಾರ್ಟ್ ಸ್ಟಾರ್ 1956ರಲ್ಲಿ, ಅದರಲ್ಲೂ ಸ್ಟಾರ್‌ನನ್ನು ಆರಿಸಿದ್ದು ಡ್ರಾಫ್ಟಿನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯ, ಹದಿನೇಳನೆಯ ಸುತ್ತಿನಲ್ಲಿ. ಪಾಲ್ ಹಾರ್ನಂಗ್ 1957ರಲ್ಲಿ. 1958ರ ಒಂದೇ ಡ್ರಾಫ್ಟಿನಲ್ಲಿ ಜಿಮ್ ಟೇಲರ್, ರೇ ನಿಟ್ಶ್‌ಕಿ, ಜೆರ್ರಿ ಕ್ರೇಮರ್. ಇವರೆಲ್ಲ ಮುಂದೆ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಎಂಬ ಗೌರವದ ಪಟ್ಟಿ ಸೇರಿದವರು, ಲೊಂಬಾರ್ಡಿ ಕಾಲಿಡುವ ಮೊದಲೇ ಗ್ರೀನ್ ಬೇಯಲ್ಲಿದ್ದವರು.

ಅವರನ್ನು ಹುಡುಕಿ ತಂದವನು ಜ್ಯಾಕ್ ವೈನಿಸಿ. ಶಿಕಾಗೊದ ಹುಡುಗ, ನೋಟರ್ ಡೇಮ್ ಕಾಲೇಜಿನಲ್ಲಿ ಆಡಿದವನು. ಸೇನೆಯಲ್ಲಿದ್ದಾಗ ಬಂದ ರುಮ್ಯಾಟಿಕ್ ಜ್ವರ ಹೃದಯಕ್ಕೆ ತಾಗಿ ಆಟ ನಿಂತುಹೋಯಿತು. 1950ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಪ್ಯಾಕರ್ಸ್‌ಗೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಆಗಿ ಸೇರಿದ. ಕಂಪ್ಯೂಟರ್ ಇಲ್ಲದ ಕಾಲ. ದೇಶದ ಉದ್ದಗಲಕ್ಕೂ ಕಾಲೇಜು ಕೋಚುಗಳ ಜೊತೆ ಪತ್ರ, ಫೋನು. ಸಾವಿರಾರು ಹುಡುಗರ ಎತ್ತರ, ತೂಕ, ಓಟ, ಸ್ವಭಾವ ಎಲ್ಲ ನೋಟ್‌ಬುಕ್ಕುಗಳಲ್ಲಿ. ತಂಡ ವರ್ಷದಿಂದ ವರ್ಷಕ್ಕೆ ಸೋಲುತ್ತಿದ್ದಾಗ, ಕೋಚುಗಳು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದಾಗ, ಆ ಕಚೇರಿಯಲ್ಲಿ ಈತ ಒಂದೊಂದೇ ಹೆಸರು ಆರಿಸುತ್ತ ಕೂತಿದ್ದ. ಲೊಂಬಾರ್ಡಿಯನ್ನು ಕೋಚ್ ಆಗಿ ತರಬೇಕೆಂದು ಒತ್ತಾಯ ಹಾಕಿದವರಲ್ಲೂ ಈತ ಮುಂದಿದ್ದ. 1960ರ ನವೆಂಬರ್ 27ರಂದು ಹೃದಯ ಕೈಕೊಟ್ಟು ತೀರಿಕೊಂಡ. ಆಗ ಅವನಿಗೆ ಮೂವತ್ತಮೂರು ವರ್ಷ. ಅದಾಗಿ ಒಂದು ತಿಂಗಳೂ ತುಂಬುವ ಮೊದಲು ಪ್ಯಾಕರ್ಸ್ ಹದಿನಾರು ವರ್ಷಗಳ ಬಳಿಕ ಮತ್ತೆ ಚಾಂಪಿಯನ್‌ಷಿಪ್ ಪಂದ್ಯ ಆಡಿತು. ಅವನು ಆರಿಸಿದ ಹುಡುಗರು ಕಪ್ ಎತ್ತಿದ್ದನ್ನು ಒಂದು ಸಲವೂ ಅವನು ನೋಡಲಿಲ್ಲ. ಈ ತಂಡದ ಇತಿಹಾಸದಲ್ಲಿ ನನ್ನನ್ನು ಇಷ್ಟು ಕಲಕಿದ ಹೆಸರು ಇನ್ನೊಂದಿಲ್ಲ. ಮೈದಾನದ ಹೊರಗೆ ಲ್ಯಾಂಬೋ, ಲೊಂಬಾರ್ಡಿ ಇಬ್ಬರ ಕಂಚಿನ ಪ್ರತಿಮೆಗಳನ್ನು ದಾಟುವಾಗಲೆಲ್ಲ ನಾನು ನೆನೆಯುವುದು ವೈನಿಸಿಯನ್ನು.

1961ರ ಡಿಸೆಂಬರ್ 31ರಂದು ಗ್ರೀನ್ ಬೇ ಊರಿನಲ್ಲಿ ಮೊಟ್ಟಮೊದಲ ಬಾರಿಗೆ ಚಾಂಪಿಯನ್‌ಷಿಪ್ ಪಂದ್ಯ ನಡೆಯಿತು. ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ 37-0. ಎಲ್ಲರೂ ಆ ಅಂಕ ನೆನಪಿಟ್ಟುಕೊಂಡಿದ್ದಾರೆ. ಅದೇ ವರ್ಷ ಜೈಂಟ್ಸ್ ಒಡೆಯರಾದ ಮಾರಾ ಕುಟುಂಬ ಒಪ್ಪಿಕೊಂಡ ಸಂಗತಿ ಅದಕ್ಕಿಂತ ದೊಡ್ಡದು. ಲೀಗಿನ ಕಮಿಷನರ್ ಪೀಟ್ ರೋಜೆಲ್, ಟಿವಿ ಹಕ್ಕುಗಳನ್ನು ತಂಡಗಳು ಬೇರೆಬೇರೆಯಾಗಿ ಮಾರದೆ ಲೀಗ್ ಒಟ್ಟಾಗಿ ಮಾರಿ, ಬಂದ ಹಣವನ್ನು ಸಮನಾಗಿ ಹಂಚಬೇಕು ಎಂದ. ದೇಶದ ಅತಿ ದೊಡ್ಡ ಟಿವಿ ಮಾರುಕಟ್ಟೆ ನ್ಯೂಯಾರ್ಕ್. ಒಪ್ಪಿದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಮಾರಾ ಕುಟುಂಬದವರೇ. ಅವರು ಒಪ್ಪಿದರು, ಶಿಕಾಗೊದ ಹ್ಯಾಲಸ್ ಕೂಡ. ಅದಕ್ಕೆ ಬೇಕಾದ ಕಾನೂನಿಗೆ ಅಧ್ಯಕ್ಷ ಕೆನಡಿ 1961ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಮರುವರ್ಷದಿಂದ ಸಿಬಿಎಸ್ ವಾಹಿನಿ ಕೊಟ್ಟ ವರ್ಷಕ್ಕೆ 46.5 ಲಕ್ಷ ಡಾಲರ್ ಹದಿನಾಲ್ಕು ತಂಡಗಳಿಗೆ ಸಮಪಾಲಾಯಿತು. ಗ್ರೀನ್ ಬೇಗೂ ನ್ಯೂಯಾರ್ಕಿಗೂ ಒಂದೇ ಮೊತ್ತ. ಇಂದಿಗೂ ಹಾಗೆಯೇ: 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಲೀಗಿನಿಂದ ಪ್ಯಾಕರ್ಸ್‌ಗೆ ಬಂದ ಪಾಲು 40 ಕೋಟಿ ಡಾಲರ್ ಮೀರಿತ್ತು. ಒಂದು ಲಕ್ಷ ಜನರ ಊರು ತನ್ನ ಜೇಬಿನಿಂದ ಇಷ್ಟು ಹುಟ್ಟಿಸಲಾರದು. ಷೇರು ತಂಡವನ್ನು ಊರು ಬಿಡದಂತೆ ಕಟ್ಟಿಹಾಕಿತು; ಅನ್ನ ಹಾಕಿದ್ದು ಈ ಸಮಪಾಲು.

ಕೊನೆಯದಾಗಿ ಸ್ಟೇಡಿಯಂ. ‘ಅಭಿಮಾನಿಗಳ ಷೇರು ಹಣದಿಂದ ಕಟ್ಟಿದ್ದು’ ಎಂದು ಹೇಳುವವರನ್ನು ಬಹಳ ಸಲ ಕೇಳಿದ್ದೇನೆ. 1997ರ ಷೇರು ಮಾರಾಟದಿಂದ ಬಂದದ್ದು ಸುಮಾರು 2.4 ಕೋಟಿ ಡಾಲರ್. ಅದಾಗಿ ಕೆಲವೇ ವರ್ಷದಲ್ಲಿ ಶುರುವಾದ ನವೀಕರಣದ ವೆಚ್ಚ 29.5 ಕೋಟಿ. ಅದರ ದೊಡ್ಡ ಪಾಲು ಸಾರ್ವಜನಿಕರ ಹಣ. 2000ದ ಸೆಪ್ಟೆಂಬರ್‌ನಲ್ಲಿ ಗ್ರೀನ್ ಬೇ ಇರುವ ಬ್ರೌನ್ ಕೌಂಟಿಯ (ನಮ್ಮ ಜಿಲ್ಲೆಯಂಥದು) ಜನ ಅರ್ಧ ಶೇಕಡಾ ಮಾರಾಟ ತೆರಿಗೆಗೆ ಮತ ಹಾಕಿದರು. ಹೌದು ಎಂದವರು ಸುಮಾರು ಶೇಕಡಾ 53, ಉಳಿದವರು ಬೇಡ ಎಂದರು. ಒಂದೇ ಮನಸ್ಸಿನ ಊರು ಎಂದು ನಾವು ಕೊಂಡಾಡುವ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಜನ ಈ ಖರ್ಚು ಬೇಡ ಎಂದಿದ್ದರು. ಅವರನ್ನು ಅಭಿಮಾನವಿಲ್ಲದವರು ಅನ್ನಲು ನನಗೆ ಮನಸ್ಸು ಬಾರದು. ಶಾಲೆ, ರಸ್ತೆ, ಮನೆ ಖರ್ಚು ಎಲ್ಲವೂ ಇರುವ ಮನುಷ್ಯರು ಅವರು. ಫಲಿತಾಂಶ ಬಂದ ಮೇಲೆ ಹೌದು ಎಂದವರ ಜೊತೆ ಬೇಡ ಎಂದವರೂ, 2015ರ ಸೆಪ್ಟೆಂಬರ್‌ನಲ್ಲಿ ತೆರಿಗೆ ನಿಲ್ಲುವವರೆಗೆ, ಬಟ್ಟೆ ಕೊಂಡಾಗ, ಕುರ್ಚಿ ಮೇಜು ಕೊಂಡಾಗ, ಹೋಟೆಲಿನಲ್ಲಿ ಉಂಡಾಗ, ಆ ಸ್ಟೇಡಿಯಮ್ಮಿಗೆ ಹಣ ಕಟ್ಟಿದರು. ಅವರಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಷೇರುಪತ್ರ ಇಲ್ಲ. ವಾರ್ಷಿಕ ಸಭೆಗೆ ಅವರಿಗೆ ಕರೆಯೂ ಬರುವುದಿಲ್ಲ. ‘ಈ ತಂಡದ ಮಾಲೀಕರು ಯಾರು?’ ಎಂದು ಇನ್ನು ಮುಂದೆ ಯಾರಾದರೂ ನೆಂಟರು ಕೇಳಿದರೆ ನಾನು ಅವರಿಂದಲೇ ಶುರುಮಾಡುತ್ತೇನೆ.